ವಾರಕ್ಕೆ ಬಿಟ್ಟ ಕೋಳಿ

ಕೋಳಿಯನ್ನು ವಾರಕ್ಕೆ ಬಿಡುವುದು ಎಂದರೆ ನನ್ನ ಮಕ್ಕಳಿಗೆ ಅರ್ಥವಾಗುವುದಿಲ್ಲ. ಏಳು ದಿನ ಬಿಟ್ಟು ವಾಪಸು ತರುವುದೇ ಎಂದು ಕೇಳುತ್ತಾರೆ. ಈ ವಾರ ಸೋಮವಾರ ಮಂಗಳವಾರದ ವಾರವಲ್ಲ, ಪಾಲು. ಹೇಂಟೆ ನಿಮ್ಮದು, ಸಾಕುವ ಅಂಗಳ ಇನ್ನೊಬ್ಬರದು. ಅದು ಮೊಟ್ಟೆಯಿಟ್ಟು, ಇಪ್ಪತ್ತೊಂದು ದಿನ ಕಾವು ಕೂತು, ಮರಿ ಮಾಡಿ, ಆ ಮರಿಗಳು ತಾಯಿಯನ್ನು ಬಿಟ್ಟು ತಾವೇ ಕೆದಕಿ ತಿನ್ನುವಷ್ಟಾದ ಮೇಲೆ ಅರ್ಧ ಅವರಿಗೆ, ಅರ್ಧ ನಿಮಗೆ. ಬೆಸ ಸಂಖ್ಯೆ ಬಂದರೆ ಹೆಚ್ಚಿನದೊಂದು ಸಾಕಿದವರಿಗೆ. ಕಾಗದವಿಲ್ಲ, ಸಾಕ್ಷಿಯಿಲ್ಲ. ಮರಿ ಹೊರಬಂದ ದಿನವೇ ಪಾಲು ಮಾಡುವಂತಿಲ್ಲ. "ಹದ್ದಿನ ಪಾಲು, ಬೆಕ್ಕಿನ ಪಾಲು ಹೋಗಲಿ, ಆಮೇಲೆ ನಮ್ಮದು" ಎನ್ನುತ್ತಿದ್ದರು ನಮ್ಮ ಅಮ್ಮಿ.

ಅರಸೀಕೆರೆಯ ನಮ್ಮ ಮನೆಯ ಹಿತ್ತಲಿನಲ್ಲಿ ಅಮ್ಮಿಯ ಕೋಳಿಗಳು ನಾಲ್ಕೈದು ಇದ್ದರೆ, ಕುಂಬಾರಗೇರಿಯಲ್ಲಿ, ರೈಲ್ವೆ ಗೇಟಿನಾಚೆಯ ಕಾಲೊನಿಯಲ್ಲಿ, ಕೆರೆ ಕೆಳಗಿನ ತೋಟದ ಮನೆಗಳಲ್ಲಿ ಇನ್ನೂ ಆರೇಳು ಇರುತ್ತಿದ್ದವು. ಯಾರ ಮನೆಯಲ್ಲಿ ಯಾವ ಬಣ್ಣದ್ದು, ಎಂದು ಕಾವಿಗೆ ಕೂತಿತು, ಎಷ್ಟು ಮರಿ ಎಂಬುದನ್ನೆಲ್ಲ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಉರ್ದುವಿನಲ್ಲಿ ಬರೆದಿಡುತ್ತಿದ್ದರು. ಅಕ್ಷರ ಬಲದಿಂದ ಎಡಕ್ಕೆ, ಅಂಕಿ ಎಡದಿಂದ ಬಲಕ್ಕೆ. ನಾನು ಉರ್ದು ಶಾಲೆಯಲ್ಲಿ ಕಲಿತ ಅಕ್ಷರಗಳಿಗೆ ಮೊದಲು ಸಿಕ್ಕ ಓದು ಈ ಕೋಳಿ ಲೆಕ್ಕವೇ. ಹೆಸರುಗಳಿರಲಿಲ್ಲ. 'ಮಡಕೆಯವರ ಮನೆ – ಕರಿಮೂತಿ – ಹದಿಮೂರಕ್ಕೆ ಹತ್ತು' ಎಂಬ ಬಗೆಯ ಬರಹ.

ಅಬ್ಬಾ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರ ಸಂಬಳ ಅಕ್ಕಿ, ಸೀಮೆಎಣ್ಣೆ, ಅಜ್ಜಿಯ ಔಷಧಿಗೆ ಮುಗಿಯುತ್ತಿತ್ತು. ಮೊಟ್ಟೆಯ ದುಡ್ಡು ಮಾತ್ರ ಮಸಾಲೆ ಡಬ್ಬಿಗಳ ಹಿಂದಿನ ಒಂದು ಡಬ್ಬಿಯಲ್ಲಿ. ಅದನ್ನು ಅಬ್ಬಾ ಒಂದು ದಿನವೂ ಮುಟ್ಟಿದವರಲ್ಲ, ಎಷ್ಟಿದೆಯೆಂದು ಕೇಳಿದವರೂ ಅಲ್ಲ. ನಾನು ಏಳನೇ ತರಗತಿಯವರೆಗೆ ಉರ್ದುವಿನಲ್ಲಿ ಓದಿ ಎಂಟಕ್ಕೆ ಕನ್ನಡ ಮಾಧ್ಯಮಕ್ಕೆ ಸೇರಿದಾಗ, ಪಾಠ ಅರ್ಥವಾಗದೆ ಅಳುತ್ತಿದ್ದವನಿಗೆ ಕನ್ನಡ ನಿಘಂಟು ಬಂದದ್ದು ಆ ಡಬ್ಬಿಯಿಂದ. ನಮ್ಮ ಸಭೆಗಳಲ್ಲಿ ಹೆಣ್ಣಿನ ಮಹರ್ ಕುರಿತು ಗಂಟೆಗಟ್ಟಲೆ ಮಾತನಾಡುವವರಿದ್ದಾರೆ. ಮಾತನಾಡಲಿ, ಅದು ಬೇಕು. ಆದರೆ ಮೊಟ್ಟೆಯ ದುಡ್ಡಿನ ಬಗ್ಗೆ ಒಬ್ಬರಾದರೂ ಮಾತನಾಡಿದ್ದನ್ನು ನಾನು ಕೇಳಿಲ್ಲ.

2016ರಲ್ಲಿ ಅಬ್ಬಾ ತೀರಿಕೊಂಡರು. ಐದು ಜನ ಮಕ್ಕಳ ನಡುವೆ ಮನೆ ಉಳಿಯಲಿಲ್ಲ. ಮಾರಿದ ಹಣದಲ್ಲಿ ಅಮ್ಮಿಗೆ ಸೇರಬೇಕಾದ ಎಂಟನೇ ಒಂದು ಪಾಲನ್ನು ಬ್ಯಾಂಕಿನಲ್ಲಿಟ್ಟೆವು. ಅಮ್ಮಿ ಹಾಸನದ ನನ್ನ ಬಾಡಿಗೆ ಮನೆಗೆ ಬಂದರು. ಪಾಸ್‌ಬುಕ್ಕು ಅವರ ಹೆಸರಿನದೇ, ಇಟ್ಟಿರುವುದು ಅವರ ಟ್ರಂಕಿನಲ್ಲೇ. ಆದರೂ ಮೊಮ್ಮಗಳಿಗೆ ಬಳೆ ಕೊಡಿಸಬೇಕೆಂದರೆ ಬಾಗಿಲ ಬಳಿ ನಿಂತು "ಬೇಟಾ, ಐವತ್ತು ರೂಪಾಯಿ ಇದೆಯಾ?" ಎಂದು ಕೇಳುವರು. ಆ ಪ್ರಶ್ನೆಯನ್ನು ಅರಸೀಕೆರೆಯಲ್ಲಿ ನಾನು ಅವರ ಬಾಯಿಂದ ಕೇಳಿದ್ದಿಲ್ಲ.

2021ರ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಕುಂಬಾರಗೇರಿಯ ಹುಡುಗನೊಬ್ಬ ಬುಟ್ಟಿ ಹಿಡಿದು ಬಂದ. ಬುಟ್ಟಿಯಲ್ಲಿ ಎರಡು ಎಳೆಯ ಹೇಂಟೆ, ಒಂದು ಹುಂಜ. "ನಮ್ಮಜ್ಜಿ ಕಳ್ಸವ್ಳೆ. ಬೂಬಮ್ಮನ ಕರಿಮೂತಿ ಕೋಳಿ ಸಂತಾನವಂತೆ. ಪಾಲು ಉಳಿದಿತ್ತಂತೆ" ಎಂದ. ಐದು ವರ್ಷದ ಹಿಂದಿನ ಪಾಲು! ಅಮ್ಮಿ ಏನೂ ಮಾತನಾಡಲಿಲ್ಲ. ಕೋಳಿಗಳ ಕಾಲಿನ ಹಗ್ಗ ಬಿಚ್ಚಿ, ಹುಡುಗನಿಗೆ ಊಟ ಬಡಿಸಿ, ಅಜ್ಜಿಗೆಂದು ಎಲೆಯಡಿಕೆ ಕಟ್ಟಿಕೊಟ್ಟರು.

ಕೋಳಿ ಬಂದವು, ಇಡುವುದೆಲ್ಲಿ? ಹಾಸನದಲ್ಲಿ ಮನೆ ಹುಡುಕುವಾಗ ನನ್ನ ಹೆಸರು ಕೇಳಿದ ಮೇಲೆ "ಈಗಷ್ಟೇ ಬೇರೆಯವರಿಗೆ ಮಾತು ಕೊಟ್ಬಿಟ್ವಿ" ಎಂದವರ ಮನೆಗಳನ್ನು ದಾಟಿಕೊಂಡು ಈ ಮನೆಗೆ ಬಂದಿದ್ದೆವು. ಮಾಲೀಕರು ಒಳ್ಳೆಯವರು. ಕೋಳಿ ಬೇಡವೆನ್ನಲಿಲ್ಲ. ನೆಲಕ್ಕೆ ಗುಂಡಿ ತೋಡಬಾರದು, ಗೋಡೆಗೆ ಮೊಳೆ ಹೊಡೆಯಬಾರದು, ಒಂದೇ ಕಡೆ ಗಲೀಜಾಗಬಾರದು ಎಂದಷ್ಟೇ ಷರತ್ತು ಹಾಕಿದರು. ಗೂಡಿಗೆ ಗಾಲಿ ಬಂದದ್ದು ಈ ಷರತ್ತುಗಳಿಂದ.

ಇದೇನು ಹೊಸ ಕಲ್ಪನೆಯಲ್ಲ. ಮೇದರು ಹೆಣೆದ ಬಿದಿರಿನ ಬುಟ್ಟಿಯನ್ನು ತಾಯಿಕೋಳಿ ಮತ್ತು ಮರಿಗಳ ಮೇಲೆ ಬೋರಲು ಹಾಕಿ, ನೆರಳು ಸರಿದಂತೆ ಅಮ್ಮಿ ಅದನ್ನು ಹಿತ್ತಲೆಲ್ಲ ಸರಿಸುತ್ತಿದ್ದರು. ಅದೇ ಬುಟ್ಟಿಯನ್ನು ದೊಡ್ಡದು ಮಾಡಿದರೆ ಆಯಿತು. ಬಡಗಿಯ ಹತ್ತಿರ ನಾನು ಹೇಳಿದ್ದು ಒಂದೇ ಅಳತೆ: ಎಪ್ಪತ್ತು ದಾಟಿದ ಹೆಂಗಸು ಒಬ್ಬರೇ ಎತ್ತಿ ತಳ್ಳುವಂತಿರಬೇಕು. ಕಬ್ಬಿಣ ಬೇಡವೆಂದು ಸಿಲ್ವರ್ ಓಕ್ ರೀಪರುಗಳನ್ನು ತೆಗೆದುಕೊಂಡೆವು. ಆರು ಅಡಿ ಉದ್ದ, ಮೂರು ಅಡಿ ಅಗಲ. ಮುಂದಿನ ನಾಲ್ಕು ಅಡಿಗೆ ತಳವಿಲ್ಲ, ಕೋಳಿಗಳು ಹುಲ್ಲಿನ ಮೇಲೇ ನಿಲ್ಲಬೇಕು. ಹಿಂದಿನ ಎರಡು ಅಡಿ ನೆಲದಿಂದ ಒಂದಡಿ ಮೇಲಿರುವ ಮುಚ್ಚಿದ ಪೆಟ್ಟಿಗೆ. ಅದರ ತಳಕ್ಕೆ ಸಂದು ಬಿಟ್ಟು ಹೊಡೆದ ಪಟ್ಟಿಗಳು, ಹಿಕ್ಕೆ ಕೆಳಗೆ ಬೀಳಲೆಂದು. ರಾತ್ರಿ ಕೂರಲು ಒಂದು ಅಡ್ಡಕೋಲು, ಮೂಲೆಯಲ್ಲಿ ಭತ್ತದ ಹುಲ್ಲು ಹಾಕಿದ ಮೊಟ್ಟೆಯ ಜಾಗ. ಭಾರವಿರುವ ಪೆಟ್ಟಿಗೆಯ ತುದಿಗೆ ಮಕ್ಕಳ ಹಳೆಯ ಸೈಕಲ್ಲಿನ ಎರಡು ಗಾಲಿ, ಇನ್ನೊಂದು ತುದಿಗೆ ಹಿಡಿ. ಮೇಲೆ ತಗಡು, ತಗಡಿನ ಮೇಲೆ ಬಿಸಿಲಿಗೆ ಗೋಣಿಚೀಲ.

ಜಾಲರಿಯ ಬಗ್ಗೆ ಮಾತ್ರ ಜಿಪುಣತನ ಸಲ್ಲದು. ಅಂಗಡಿಯಲ್ಲಿ ಕೋಳಿ ಜಾಲರಿ ಎಂದು ಕೊಡುವ ಆರು ಮೂಲೆಯ ತೆಳು ತಂತಿ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಮುಂಗುಸಿ, ನಾಯಿಗಳನ್ನು ಹೊರಗಿಡುವುದಿಲ್ಲ. ಅರ್ಧ ಇಂಚಿನ ಕಣ್ಣಿನ ವೆಲ್ಡ್ ಮೆಶ್ ಬೇಕು. ಆದರೂ ಮಣ್ಣು ಕೆರೆದು ಒಳನುಗ್ಗುವ ಪ್ರಾಣಿಗೆ ತಳವಿಲ್ಲದ ಗೂಡು ಸುಲಭದ ತುತ್ತು. ಆದ್ದರಿಂದ ಮಗ್ರಿಬ್ ಹೊತ್ತಿಗೆ ಕೋಳಿಗಳು ತಾವಾಗಿ ಪೆಟ್ಟಿಗೆ ಹತ್ತಿದ ಮೇಲೆ ಅದರ ಬಾಗಿಲಿಗೆ ಚಿಲಕ ಬೀಳಲೇಬೇಕು.

ಸಿದ್ಧವಾದ ಗೂಡನ್ನು ಸುತ್ತು ಹಾಕಿ ನೋಡಿ ಅಮ್ಮಿ ನಕ್ಕರು. "ಯೇ ಘರ್ ಹೈ ಕಿ ಗಾಡಿ ಹೈ ರೇ?" ಎಂದರು. ಬಾಡಿಗೆದಾರರ ಕೋಳಿಗೂ ಗಾಡಿಯೇ ಮನೆ ಅಮ್ಮಿ, ಎಂದೆ.

ಫಜರ್ ನಮಾಜು ಮುಗಿಸಿ ಅಮ್ಮಿ ಹಿಡಿ ಎತ್ತಿ ಗೂಡನ್ನು ಅದರ ಉದ್ದದಷ್ಟು ಮುಂದೆ ತಳ್ಳುವರು. ಹಿತ್ತಲು, ಮಾಲೀಕರ ಪಕ್ಕದ ಖಾಲಿ ನಿವೇಶನ ಎಲ್ಲ ಸುತ್ತಿ ಮೊದಲ ಜಾಗಕ್ಕೆ ಬರುವಷ್ಟರಲ್ಲಿ ಮೂರು ವಾರ ಕಳೆದು ಹುಲ್ಲು ಮತ್ತೆ ಎದ್ದಿರುತ್ತಿತ್ತು. ಒಂದೇ ಕಡೆ ಕೂಡಿಹಾಕಿದ ಕೋಳಿ ತನ್ನ ಹಿಕ್ಕೆಯಲ್ಲಿ ಬಿದ್ದ ಹುಳದ ಮೊಟ್ಟೆಗಳನ್ನು ತಾನೇ ಮತ್ತೆ ಹೆಕ್ಕಿ ತಿನ್ನುತ್ತದೆ. ದಿನವೂ ಸರಿಸಿದರೆ ಆ ಉಪದ್ರವ ಕಡಿಮೆ. ಬೀದಿ ಚರಂಡಿ ಕೆದಕಿದ ಕೋಳಿಯನ್ನು ಮೂರು ದಿನ ಕಟ್ಟಿಹಾಕಿ, ಶುದ್ಧ ಕಾಳು ತಿನ್ನಿಸಿದ ಮೇಲೆಯೇ ಜಬಹ್ ಮಾಡಿಸುವುದು ನಮ್ಮ ಮನೆಯ ಹಳೆಯ ಪದ್ಧತಿ. ಗಾಲಿಗೂಡಿನ ಕೋಳಿಗೆ ಆ ಮೂರು ದಿನ ಬೇಕಾಗಲಿಲ್ಲ. ಮಾಲೀಕರ ಹೆಂಡತಿ ಗೂಡು ಮುಂದೆ ಹೋದ ಜಾಗದ ಮಣ್ಣನ್ನು ಕೆರೆದು ಗುಡ್ಡೆ ಹಾಕಿ, ಕಳಿತ ಮೇಲೆ ಸೇವಂತಿಗೆ ಗಿಡಕ್ಕೆ ಹಾಕತೊಡಗಿದರು. ಹಸಿಯದು ಗಿಡವನ್ನು ಸುಡುತ್ತದೆ ಎಂದು ಹೇಳಿಕೊಟ್ಟದ್ದು ಅಮ್ಮಿ.

ಹಕ್ಕಿಜ್ವರದ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳು ತುಂಬುತ್ತವೆ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಕಾಣಿಸಿದಾಗ ಅರಸೀಕೆರೆಯಲ್ಲೂ ಕೋಳಿಯನ್ನು ಕೇಳುವವರಿರಲಿಲ್ಲ. 2012ರಲ್ಲಿ ಅದು ಬೆಂಗಳೂರಿನ ಪಕ್ಕದ ಹೆಸರಘಟ್ಟಕ್ಕೇ ಬಂತು. ಆದರೆ ಹಿತ್ತಲ ಕೋಳಿಗಳನ್ನು ಸದ್ದಿಲ್ಲದೆ ಗುಡಿಸಿಕೊಂಡು ಹೋಗುವುದು ಕೊಕ್ಕರೆ ರೋಗ. ಕತ್ತು ತಿರುಚುತ್ತದೆ, ಹಸಿರು ಹಿಕ್ಕೆ ಹಾಕುತ್ತದೆ, ಕೆಲವೇ ದಿನಗಳಲ್ಲಿ ಗೂಡು ಖಾಲಿ. ಲಸಿಕೆ ಇದೆ, ದುಬಾರಿಯೂ ಅಲ್ಲ. ತೊಡಕೆಂದರೆ ಒಂದು ಸೀಸೆಯಲ್ಲಿ ನೂರು ಕೋಳಿಗಾಗುವಷ್ಟಿರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಮೂರು ಕೋಳಿಯವರಿಗೆ ನೂರರ ಸೀಸೆ! ಅಮ್ಮಿ ಬಡಾವಣೆಯ ಹಿಂದಿನ ಹಳ್ಳಿಯ ಮನೆಮನೆಗೆ ಹೋಗಿ ಕೋಳಿ ಸಾಕಿದ ಹೆಂಗಸರನ್ನು ಹುಡುಕಿದರು. ಪಶು ಆಸ್ಪತ್ರೆಯವರು ಐಸ್ ಹಾಕಿದ ಫ್ಲಾಸ್ಕಿನಲ್ಲಿ ಸೀಸೆ ತಂದ ದಿನ ನಮ್ಮ ಗೇಟಿನ ಮುಂದೆ ಎಂಬತ್ತಕ್ಕೂ ಹೆಚ್ಚು ಕೋಳಿಗಳು ಸೆರಗಿನಲ್ಲಿ, ಬುಟ್ಟಿಯಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಬಂದಿದ್ದವು.

ಅಂದು ಬಂದಿದ್ದವರೊಬ್ಬರು ಗಿರಿರಾಜ ಸಾಕಿ ಎಂದು ಸಲಹೆ ಕೊಟ್ಟರು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಹಿತ್ತಲಿಗೆಂದೇ ರೂಪಿಸಿದ ಒಳ್ಳೆಯ ತಳಿ ಅದು. ನಾಟಿ ಕೋಳಿಯ ಎರಡರಷ್ಟು ಮೊಟ್ಟೆ. "ಕಾವಿಗೆ ಕೂರುತ್ತಾ?" ಎಂದು ಅಮ್ಮಿ ಕೇಳಿದರು. ಇಲ್ಲ ಎಂದರು. "ಹಾಗಾದರೆ ವಾರಕ್ಕೆ ಬಿಡೋದು ಹೇಗೆ?" ಮೊಟ್ಟೆಯ ಲೆಕ್ಕ ಮಾತ್ರ ಹಾಕುವವರಿಗೆ ಗಿರಿರಾಜವೇ ಸರಿ. ಅಮ್ಮಿಯ ಲೆಕ್ಕ ಬೇರೆ. ಅವರಿಗೆ ಊರಿನಲ್ಲಿ ನಾಲ್ಕು ಮನೆ ಬೇಕು.

ಎರಡೇ ವರ್ಷದಲ್ಲಿ ಹಿಂದಿನ ಹಳ್ಳಿಯ ಮೂರು ಮನೆಗಳಲ್ಲಿ ಅವರ ಹೇಂಟೆಗಳಿದ್ದವು. ಡಬ್ಬಿ ನನ್ನ ಹೆಂಡತಿಯ ಮಸಾಲೆ ಡಬ್ಬಿಗಳ ಹಿಂದೆ ಬಂತು. ಮೊಮ್ಮಗಳಿಗೆ ಬಳೆಯೂ ಬಂತು, ನನ್ನನ್ನು ಕೇಳದೆ.

2023ರಲ್ಲಿ ಮಾಲೀಕರ ಮಗ ಊರಿಗೆ ಮರಳುವನೆಂದು ಮನೆ ಬಿಡಬೇಕಾಯಿತು. ಮತ್ತೆ ಹುಡುಕಾಟ, ಮತ್ತೆ ಅದೇ ಮಾತುಗಳು. ಸಿಕ್ಕ ಮನೆ ಊರಿನ ಇನ್ನೊಂದು ತುದಿಯಲ್ಲಿ. ಬೀರು, ಮಂಚ, ಪುಸ್ತಕಗಳನ್ನು ಬಿಚ್ಚಿ ಕಟ್ಟಲು ಎರಡು ದಿನ ಹಿಡಿಯಿತು. ಗೂಡನ್ನು ಹಲಗೆಯ ಮೇಲೆ ತಳ್ಳಿ ಆಟೊ ಟ್ರಕ್ಕಿಗೆ ಏರಿಸಲು ಐದು ನಿಮಿಷ. ಹೊರಡುವಾಗ ಅಮ್ಮಿ ಕಂದು ಹೇಂಟೆಯೊಂದನ್ನು ಎತ್ತಿ ಮಾಲೀಕರ ಹೆಂಡತಿಯ ಕೈಗೆ ಕೊಟ್ಟರು. ಅವರು ಪರ್ಸಿಗೆ ಕೈ ಹಾಕಿದಾಗ "ದುಡ್ಡು ಬೇಡಮ್ಮಾ, ವಾರಕ್ಕೆ" ಎಂದರು.

ಅದೇ ವರ್ಷದ ಕ್ಯಾಲೆಂಡರಿನ ಹಿಂಬದಿಯಲ್ಲಿ ಆ ಹೇಂಟೆಯ ಲೆಕ್ಕವಿದೆ: 'ಹಳೇ ಮನೆ – ಕಂದು – ಹನ್ನೊಂದಕ್ಕೆ ಒಂಬತ್ತು'. ಕೆಳಗೆ ಇನ್ನೊಂದು ಸಾಲು. ಹದ್ದಿಗೆ ಎರಡು, ಅವರಿಗೆ ನಾಲ್ಕು, ನಮಗೆ ಮೂರು.