ಕಲ್ಲುಕಂಬದ ಮಗಳು, ತಲೆಯ ಮೇಲಿನ ಕೊಡ

ಸೋದರಿಯರೇ, ನಮ್ಮ ಹಲಕುಂದಿಯಿಂದ ಬಳ್ಳಾರಿಗೆ ಬಂದು, ಬಸ್ಸು ಬದಲಿಸಿ ಕುರುಗೋಡಿನ ಕಡೆ ಹೊರಟರೆ ಕಾಲುವೆ ನೀರಿನ ಗದ್ದೆಗಳೂ ಮೆಣಸಿನಕಾಯಿ ಹೊಲಗಳೂ ಕಾಣುತ್ತವೆ. ಈ ದಾರಿ ಹಿಡಿಯುವ ಹೆಂಗಸರು ಹೆಚ್ಚಾಗಿ ದೊಡ್ಡಬಸವೇಶ್ವರನಿಗೆ ಕಾಯಿ ಒಡೆಸಲು ಹೋಗುವವರು. ನೀವೂ ಹೋಗಿ ಬನ್ನಿ. ಆದರೆ ಇದೇ ಸೀಮೆಯ ಕಲ್ಲುಕಂಬ ಅನ್ನೋ ಊರಿನ ಹೆಸರು ಕೇಳಿದ್ದೀರಾ? ಜೋಗತಿ ಮಂಜಮ್ಮ ಹುಟ್ಟಿದ್ದು ಅಲ್ಲಿ.

ಹುಟ್ಟಿದಾಗ ಇಟ್ಟ ಹೆಸರು ಮಂಜುನಾಥ ಶೆಟ್ಟಿ. ಹುಡುಗ ಬೆಳೆಯುತ್ತಾ ತಾನು ಹೆಣ್ಣು ಎಂದುಕೊಂಡ. ಮನೆಯವರಿಗೆ ದಿಕ್ಕು ತೋಚಲಿಲ್ಲ. ಹುಲಿಗಿಗೆ ಕರೆದೊಯ್ದು ಮುತ್ತು ಕಟ್ಟಿಸಿದರು. ಆಮೇಲೆ ಮನೆಯೂ ಇಲ್ಲ, ಹೊತ್ತಿನ ಊಟವೂ ಇಲ್ಲ. ಭಿಕ್ಷೆ ಬೇಡಿದ್ದುಂಟು, ವಿಷ ಕುಡಿದದ್ದೂ ಉಂಟು. ನಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಗುವೇ ಹಾಗೆ ಬಂದು ನಿಂತರೆ ನಾವು ಏನು ಮಾಡುತ್ತಿದ್ದೆವು? ಅಡುಗೆಮನೆಯಲ್ಲಿ ಕೂತು ನಾನು ಇದನ್ನು ಬಹಳ ಸಲ ಕೇಳಿಕೊಂಡಿದ್ದೇನೆ.

ಅವರ ಕೈ ಹಿಡಿದದ್ದು ಕುಣಿತ. ದಾವಣಗೆರೆಯ ಬಸಪ್ಪನವರಲ್ಲಿ ಕಲಿತು, ಕಾಳವ್ವ ಜೋಗತಿಯ ಮೇಳ ಸೇರಿದರು. ಜೋಗತಿ ಕುಣಿತ ನೋಡಿದ್ದೀರಲ್ಲ? ಕೊಡಕ್ಕೆ ಎಲ್ಲಮ್ಮನ ಮುಖ ಕಟ್ಟಿ, ಸೀರೆ ಉಡಿಸಿ, ಹೂವು, ನವಿಲುಗರಿ ಸಿಕ್ಕಿಸಿ ತಲೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಚೌಡಿಕೆ ಬಾರಿಸಿದ ಹಾಗೆ ಹೆಜ್ಜೆ. ಕೈ ತಾಗಿಸುವಂತಿಲ್ಲ, ಕೊಡ ಅಲುಗುವಂತಿಲ್ಲ. ಹೊರದೇಶಗಳಲ್ಲಿ ಕಲಾವಿದರು ಸಾಮಾನುಗಳನ್ನು ಜೋಡಿಸಿಟ್ಟು ಅದರ ನಡುವೆ ತಾವೇ ನಿಂತು ಆಡಿ ತೋರಿಸಿ, ನೊಂದ ಜನರನ್ನೂ ಜೊತೆಗೆ ಸೇರಿಸಿಕೊಳ್ಳುತ್ತಾರೆ. ಹಾಗೆ ಸಾಮಾನು ಜೋಡಿಸಿಡುವುದಕ್ಕೆ ‘ಇನ್‌ಸ್ಟಲೇಷನ್’ ಅನ್ನುತ್ತಾರೆ. ನಮ್ಮ ಜೋಗತಿಯರು ಗುಡಿಯನ್ನೇ ತಲೆ ಮೇಲೆ ಹೊತ್ತು ಊರೂರು ತಿರುಗಿದವರು!

ಕಾಳವ್ವ ತೀರಿಕೊಂಡ ಮೇಲೆ ಮೇಳದ ಭಾರ ಮಂಜಮ್ಮನವರ ಮೇಲೆ ಬಿತ್ತು. ಅವರು ನೆಲೆ ನಿಂತ ಮರಿಯಮ್ಮನಹಳ್ಳಿ ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ಮನೆ ಬಿಟ್ಟು ಬಂದ ತಮ್ಮಂಥವರಿಗೆ ಕುಣಿತ, ಹಾಡು ಕಲಿಸಿ, ಬೇಡುವ ಕೈಗೆ ದುಡಿಮೆ ಕೊಟ್ಟರು. ಗುಡಿಯ ಅಂಗಳದ ಕುಣಿತವನ್ನು ರಂಗದ ಮೇಲೂ ತಂದರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಮಂಗಳಮುಖಿ ಅವರೇ.

ಒಂದು ಮಾತು ಹೇಳಿಬಿಡುತ್ತೇನೆ. ದೇವರ ಹೆಸರಲ್ಲಿ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿಯನ್ನು ಸರ್ಕಾರ 1982ರ ಕಾನೂನಿನಲ್ಲಿ ನಿಷೇಧಿಸಿತು. ಅದು ಸರಿಯೇ. ಕುಣಿತ ಉಳಿಯಲಿ, ಮುತ್ತು ಕಟ್ಟುವುದು ಬೇಡ. 2014ರಲ್ಲಿ ಸುಪ್ರೀಂ ಕೋರ್ಟು ಇಂಥವರನ್ನು ಮೂರನೇ ಲಿಂಗವೆಂದು ಒಪ್ಪಿದೆ. ಆದರೆ ಕೋರ್ಟು ಬಂದು ನಮ್ಮ ಮನೆಯಲ್ಲಿ ಅವರಿಗೆ ತಟ್ಟೆ ಹಾಕುವುದಿಲ್ಲವಲ್ಲ!

2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಕೊಟ್ಟಾಗ ನೀವೂ ಟೀವಿಯಲ್ಲಿ ನೋಡಿರಬಹುದು. ಮಂಜಮ್ಮನವರು ರಾಷ್ಟ್ರಪತಿ ಕೋವಿಂದರ ಮುಂದೆ ನಿಂತು, ಸೆರಗು ಹಿಡಿದು, ನಾವು ಮಕ್ಕಳಿಗೆ ತೆಗೆಯುತ್ತೇವಲ್ಲ, ಹಾಗೇ ದೃಷ್ಟಿ ತೆಗೆದರು.