ಕುದಿಸಿದ ತಂತಿಗಳು

ಪ್ರಾತಃಕಾಲದ ಚಹಾ ದೊರೆಯದ ಮನುಷ್ಯನಿಂದ ಸಮಚಿತ್ತವನ್ನು ನಿರೀಕ್ಷಿಸತಕ್ಕದ್ದಲ್ಲ. ಅದರಲ್ಲಿಯೂ ಚಹಾ ಕುದಿಯಬೇಕಾದ ಬೋಗಾಣಿಯಲ್ಲಿ ನಾಲ್ಕು ಲೋಹದ ತಂತಿಗಳು ಸುರುಳಿಯಾಗಿ ಕುಳಿತು ಕೊತಕೊತನೆ ಕುದಿಯುತ್ತಿರುವುದನ್ನು ಕಂಡವನಿಂದ, ಅದೂ ಆಳಂದದ ವೈಶಾಖಮಾಸದಲ್ಲಿ, ಅಂಥದೇನನ್ನೂ ನಿರೀಕ್ಷಿಸುವುದು ಕೇವಲ ಕ್ರೌರ್ಯ. ರಜೆಗೆಂದು ಬೆಂಗಳೂರಿನಿಂದ ಬಂದಿರುವ ನನ್ನ ಅಣ್ಣನ ಮಗನು ಯಜ್ಞಕುಂಡದ ಮುಂದಿನ ಋತ್ವಿಜನ ಗಾಂಭೀರ್ಯದಿಂದ ಒಲೆಯ ಮುಂದೆ ನಿಂತಿದ್ದನು. "ಕಾಕಾ, ತಂತಿ ಸತ್ತಾವ್ರಿ. ಹತ್ತು ಮಿನಿಟು ಕುದಿಸಿದ್ರ ಮತ್ತ ಜೀವ ಬರ್ತದ" ಎಂದನು. ಅವನು ಬಾಸ್ ಗಿಟಾರ್ ನುಡಿಸುತ್ತಾನೆ. ಶಾಸ್ತ್ರದ ಪ್ರಕಾರ ಮೂರು ತಿಂಗಳಿಗೊಮ್ಮೆ ಹೊಸ ತಂತಿಗಳನ್ನು ಹಾಕಬೇಕಂತೆ; ಕಿಮ್ಮತ್ತು ಹೆಚ್ಚಾದುದರಿಂದ ಈ ಕಷಾಯ.

ತಂತಿ ಏಕೆ ಸಾಯುತ್ತದೆಂಬುದರಲ್ಲಿ ರಹಸ್ಯವೇನೂ ಇಲ್ಲ. ನಡುವೆ ಒಂದು ಉಕ್ಕಿನ ಎಳೆ, ಅದರ ಮೇಲೆ ಒತ್ತೊತ್ತಾಗಿ ಸುತ್ತಿದ ಇನ್ನೊಂದು ಎಳೆ. ಆ ಸುತ್ತುಗಳ ಸಂದಿನಲ್ಲಿ ಬೆರಳಿನ ಬೆವರು, ಜಿಡ್ಡು, ಧೂಳುಗಳು ಸೇರಿಕೊಂಡು ಮೇಲಣ ಸೂಕ್ಷ್ಮ ಸ್ವರಾಂಶಗಳನ್ನು ಅಡಗಿಸಿಬಿಡುತ್ತವೆ. ಕುದಿನೀರು ಜಿಡ್ಡನ್ನು ಬಿಡಿಸುವುದರಿಂದ ಕೆಲ ದಿನಗಳ ಮಟ್ಟಿಗೆ ನಾದದ ಹೊಳಪು ಮರಳೀತು, ಲೋಹದ ದಣಿವು ಮಾತ್ರ ಹೋಗದು. ಇದನ್ನು ಯಾವ ಅಂಗಡಿಯವನಾದರೂ ಹೇಳಿಯಾನು. ನನ್ನನ್ನು ಕೆರಳಿಸಿದ್ದು ಆ ಮೂರು ತಿಂಗಳ ಗಡುವು. ಕಿವಿಯನ್ನು ಕೇಳದೆ ಪಂಚಾಂಗವನ್ನು ಕೇಳುವ ಸಂಗೀತಗಾರನನ್ನು ನಾನು ಈವರೆಗೆ ಕಂಡಿರಲಿಲ್ಲ.

ಏಕೆಂದರೆ ನಾನು ಬೆಳೆದುದು ಏಕತಾರಿಯ ಸೀಮೆಯಲ್ಲಿ. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ, ಹಿಂದೆ ಜೇವರ್ಗಿಗೆ ಸೇರಿದ್ದು ಈಗ ಯಡ್ರಾಮಿ ತಾಲ್ಲೂಕಿಗೆ ಸಂದಿರುವ ಕಡಕೋಳದಲ್ಲಿ ನೆಲೆನಿಂತ ಮಡಿವಾಳಪ್ಪನವರ ಪದಗಳನ್ನು, ಅವರ ಶಿಷ್ಯರಾದ ಚೆನ್ನೂರ ಜಲಾಲಸಾಹೇಬರ ಪದಗಳನ್ನು, ಅಮಾವಾಸ್ಯೆಯ ರಾತ್ರಿ ಗುಡಿಯ ಕಟ್ಟೆಯ ಮೇಲೆ ಕುಳಿತು ಬೆಳಕು ಹರಿಯುವವರೆಗೆ ಹಾಡುವ ಮಂದಿಗೆ ವಾದ್ಯವೆಂದರೆ ಒಂದು ಬುರುಡೆ, ಒಂದು ಬಿದಿರು, ಒಂದೇ ಒಂದು ತಂತಿ, ಜೊತೆಗೆ ದಮ್ಮಡಿ, ತಾಳ. ಆ ತಂತಿಯನ್ನು ಎಂದು ಬದಲಿಸುವಿರೆಂದು ಕೇಳಿದರೆ, ಹರಿದಾಗ ಎಂಬುದಷ್ಟೇ ಉತ್ತರ. ಹರಿಯುವುದೂ ಪದದ ನಡುವೆಯೇ. ಆಗ ದಮ್ಮಡಿಯವನು ಒಂದು ಸುತ್ತು ಹೆಚ್ಚಾಗಿ ಬಾರಿಸುತ್ತಾನೆ, ಹಿಮ್ಮೇಳದವರು ಪಲ್ಲವಿಯನ್ನು ಹಿಡಿದೆಳೆಯುತ್ತಾರೆ, ಅಷ್ಟರಲ್ಲಿ ಹಾಡುಗಾರನು ಜೇಬಿನಿಂದ ತಂತಿಯ ತುಣುಕನ್ನು ತೆಗೆದು ಬಿಗಿದಿರುತ್ತಾನೆ.

ಒಡಲನ್ನೇ ವಾದ್ಯವಾಗಿಸಿಕೊಂಡು ನುಡಿಸಬೇಕೆಂದು ಕೂಡಲಸಂಗಮನನ್ನು ಬೇಡಿದ ಬಸವಣ್ಣನವರು ಅವಯವಗಳಿಗೆಲ್ಲ ಒಂದೊಂದು ಕೆಲಸವನ್ನು ಹಂಚಿದಾಗ ನರಗಳ ಪಾಲಿಗೆ ಬಂದುದು ತಂತಿಯ ಪಾತ್ರ. ಅವನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕೆಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಬದಲಿಸಲು ಬಾರದ ತಂತಿಗಳೆಂದೇ ಆ ಪ್ರಾರ್ಥನೆಗೆ ಅಷ್ಟು ಆರ್ತತೆಯೋ ಏನೋ. ಈ ವಿಚಾರದಲ್ಲಿ ಮುಂದುವರಿದರೆ ನನ್ನ ಮೊಣಕಾಲಿನ ನರಗಳ ಪ್ರಸ್ತಾಪ ಬರುವ ಭಯವಿರುವುದರಿಂದ ಇಲ್ಲಿಗೇ ಬಿಡುತ್ತೇನೆ.

ಆದರೆ ವಿದ್ಯುತ್ ತಂಬೂರಿಯನ್ನು ಬಿಡಲಾರೆ. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಿ. ರಾಜ್‌ನಾರಾಯಣರು ಅದನ್ನು ರೂಪಿಸಿದಾಗ ಅದು ಜಾಣತನದ ಕೆಲಸವೇ ಆಗಿದ್ದಿತು; ರೈಲಿನಲ್ಲಿ ತಂಬೂರಿಯನ್ನು ಹೊತ್ತು ತಿರುಗಿದವನು ಅವರನ್ನು ಹರಸದಿರಲಾರನು. ನನ್ನ ತಕರಾರು ಬೇರೆ. ಆ ಪೆಟ್ಟಿಗೆಯ ತಂತಿ ಸಡಿಲಾಗುವುದಿಲ್ಲ, ಬೇಸಗೆಗೆ ಇಳಿಯುವುದಿಲ್ಲ, ಎಂದಿಗೂ ಹರಿಯುವುದಿಲ್ಲ. ಆದ್ದರಿಂದಲೇ ಅದನ್ನು ಯಾರೂ ಕೇಳುವುದೂ ಇಲ್ಲ. ಮರದ ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದು ನೂಲಿನೆಳೆಯನ್ನಿರಿಸಿ, ಕೂದಲೆಳೆಯಷ್ಟು ಆಚೆಗೆ, ಮತ್ತೆ ಈಚೆಗೆ ಸರಿಸುತ್ತ, ಜವಾರಿ ಕೂಡಿ ಝೇಂಕಾರವೇಳುವವರೆಗೆ ಮುದುಕರು ತಲೆ ಬಾಗಿಸಿ ಆಲಿಸುತ್ತಿದ್ದ ಆ ಕಾಲು ಗಂಟೆ ಕಚೇರಿಯ ಅತ್ಯುತ್ತಮ ಭಾಗವಾಗಿತ್ತೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಹಾಡು ಕೆಟ್ಟರೂ ಆ ಕಾಲು ಗಂಟೆಯಂತೂ ಕೆಡುತ್ತಿರಲಿಲ್ಲ. ಈಗ ಗುಂಡಿಯನ್ನೊತ್ತಿದೊಡನೆ ಶ್ರುತಿ, ಒತ್ತಿದೊಡನೆ ಕೆಮ್ಮು, ಒತ್ತಿದೊಡನೆ ಆಲಾಪ.

ಇಷ್ಟನ್ನೂ ಕೇಳಿದ ಹುಡುಗನು ನನ್ನ ಪಕ್ಷಕ್ಕೇ ಒಬ್ಬ ಸಾಕ್ಷಿಯನ್ನು ಒದಗಿಸಿದನೆಂಬುದನ್ನು ಹೇಳಲೇಬೇಕು. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಮೋಟೌನ್ ಸಂಸ್ಥೆಯ ಅಸಂಖ್ಯ ಹಾಡುಗಳಿಗೆ ಬಾಸ್ ನುಡಿಸಿದ ಜೇಮ್ಸ್ ಜೇಮರ್ಸನ್ (1936–1983) ಎಂಬಾತನು ತಂತಿ ತುಂಡಾದ ಹೊರತು ಅದನ್ನು ಬದಲಿಸುತ್ತಲೇ ಇರಲಿಲ್ಲವೆಂದು ಪ್ರತೀತಿ. ಚಪ್ಪಟೆಯಾಗಿ ಸುತ್ತಿದ ಆ ಹಳೆಯ ತಂತಿಗಳ ಮಂಕು ನಾದದಲ್ಲಿಯೇ ಅವನ ಸೊಗಸೆಲ್ಲ ಇದ್ದಿತಂತೆ. ಕಡಕೋಳದ ಕಟ್ಟೆಯ ಮೇಲೆ ಅವನಿಗೊಂದು ಜಾಗ ಖಂಡಿತ ಸಿಕ್ಕುತ್ತಿತ್ತು. ನಿನ್ನ ತಂಡದ ಹಾಡಿಗೆ ಮಿಂಚುವ ದನಿ ಬೇಕೋ, ಮಾಗಿದ ದನಿ ಬೇಕೋ ಎಂದು ಹುಡುಗನನ್ನು ಕೇಳಿದೆ. ಅವನು ಅದನ್ನು ಯೋಚಿಸಿರಲಿಲ್ಲ.

ತಂತಿಯ ಮಾತಾಯಿತು, ಬುರುಡೆಯನ್ನು ಕೇಳುವವರೇ ಇಲ್ಲ. ನಮ್ಮವರ ತಂಬೂರಿಗಳೆಲ್ಲ ಬಹುಮಟ್ಟಿಗೆ ಮಿರಜದವು. 2024ರಲ್ಲಿ ಆ ಊರಿನ ಸಿತಾರ, ತಂಬೂರಿಗಳಿಗೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆಯಿತು. ಆದರೆ ಅವಕ್ಕೆ ಬೇಕಾದ ದಪ್ಪ ಸಿಪ್ಪೆಯ ಕಹಿ ಬುರುಡೆಗಳು ಬೆಳೆಯುವುದು ಪಂಢರಪುರ, ಮಂಗಳವೇಢೆಗಳ ಕಡೆಯ ಭೀಮಾತೀರದ ಹೊಲಗಳಲ್ಲಿ. ಅದೇ ಭೀಮೆ ಕೆಳಗಿಳಿದು ಬಂದು ಅಫಜಲಪುರದ ಸೀಮೆಯನ್ನು ಹೊಕ್ಕು, ಗಾಣಗಾಪುರದ ಬಳಿ ನಮ್ಮ ಆಳಂದದ ಅಮರ್ಜೆಯನ್ನು ಕೂಡಿಕೊಂಡು, ಜೇವರ್ಗಿಯ ಕಡೆಗೆ ಹರಿಯುತ್ತಾಳೆ. ನೀರು ಅದೇ, ಬಿಸಿಲೂ ಹೆಚ್ಚುಕಡಿಮೆ ಅದೇ. ಹಾಗಾದರೆ ನಮ್ಮ ದಂಡೆಯಲ್ಲಿ ಒಂದಾದರೂ ತಂಬೂರಿಯ ಬಳ್ಳಿ ಏಕೆ ಹಬ್ಬಬಾರದು? ಕಲಬುರಗಿಯ ತೊಗರಿಗೆ 2019ರಲ್ಲಿಯೇ ಅಂಥ ಮನ್ನಣೆ ಬಂದಿರುವಾಗ, ಬುರುಡೆಗೂ ಬರಲಾರದೆಂದು ಯಾರು ಬಲ್ಲರು?

ನದಿಯ ದಂಡೆಯಲ್ಲಿ ಕಬ್ಬು ಬೆಳೆಯುವ ಪರಿಚಿತ ರೈತನೊಬ್ಬನ ಮುಂದೆ ಈ ಸಲಹೆಯನ್ನು ಸವಿಸ್ತಾರವಾಗಿ ಮಂಡಿಸಿದೆ. ಅವನು ತಾಳ್ಮೆಯಿಂದ ಕೇಳಿ, "ತಿನ್ಲಾಕ ಬರದ ಕಾಯಿ ಹಚ್ಚಿ ಏನ್ ಮಾಡ್ಲಿ ಸಾಹೇಬ್ರ? ಕಬ್ಬಿಗಿ ಕಾರ್ಖಾನಿ ಅದ, ಇದಕ್ಕ ಯಾರ್ ಅದಾರ?" ಎಂದನು. ಮಿರಜದವರು ಇದ್ದಾರೆಂದೆ. ಅವರು ಎಕರೆಗೆ ಎಷ್ಟು ಮುಂಗಡ ಕೊಡುವರೆಂದು ವಿಚಾರಿಸಿಕೊಂಡು ಬರಲು ನನಗೇ ಹೇಳಿ ಕಳುಹಿಸಿದ್ದಾನೆ.