ಹೊಳಪಿನ ಪಟ್ಟಿ

ಕೋಲಾರ ಚಿನ್ನದ ಗಣಿಯ ಊರಿನಲ್ಲಿ ಕಾರಿಗೆ ಹೊಳಪಿನ ಪಟ್ಟಿ ಅಂಟಿಸುವುದು ಸಾಮಾನ್ಯ ಸಾಹಸವಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನ ತೆಗೆದ ಮೇಲೆ ಉಳಿದ ಕಲ್ಲುಹುಡಿಯ ಸೈನೈಡ್ ಗುಡ್ಡಗಳು ಮಾತ್ರ ಅಲ್ಲಿಯೇ ನಿಂತಿವೆ. ಗಾಳಿಯೆದ್ದರೆ ಆ ಹುಡಿ ಮನೆಮನೆಯ ಅತಿಥಿ. ಪಟ್ಟಿಯ ಅಂಟು ಕಾರಿನ ಮೈಯನ್ನು ಬಿಟ್ಟು ಹುಡಿಯನ್ನು ಹಿಡಿದರೆ ನಾಲ್ಕೇ ದಿನಗಳಲ್ಲಿ ಅಂಚು ಏಳುತ್ತದೆ. ಆದುದರಿಂದ ಬಲ್ಲವರು ಬಾಗಿಲನ್ನು ತೊಳೆದು, ಒಣಗಿಸಿ, ಸ್ಪಿರಿಟ್ಟಿನಿಂದ ಒರೆಸಿ, ಗೆರೆ ಗುರುತಿಸಿ, ನೆರಳಿನಲ್ಲಿ ಅದುಮಿ ಅಂಟಿಸುತ್ತಾರೆ. ಒಂದು ದಿನ ನೀರು ಸೋಕಿಸರು.

ಗಣಿಯಲ್ಲಿ ದುಡಿದಿದ್ದ ಹಿರಿಯರೊಬ್ಬರಿಗೆ ಈ ಕ್ರಮವೆಲ್ಲ ಗೊತ್ತು. ಮೊಮ್ಮಗಳ ಕಾಲೇಜು ಶುಲ್ಕಕ್ಕೆಂದು ಅವರು ಹಳೆಯ ಕಾರನ್ನು ಮಾರಬೇಕಾಗಿತ್ತು. ಮೂರು ಬಾಗಿಲುಗಳ ಕೆಲಸ ಮುಗಿಯಿತು. ನಾಲ್ಕನೆಯದರ ಬಣ್ಣದಡಿಯಲ್ಲಿ ತುಕ್ಕು ಎದ್ದಿತ್ತು.

“ಪಟ್ಟಿ ಹಾಕಿಬಿಡಿ ಅಪ್ಪಾ, ಯಾರಿಗೂ ಕಾಣದು,” ಎಂದ ಮಗ.

“ಒಳಗೆ ನೀರು ನಿಂತು ಬಾಗಿಲನ್ನೇ ತಿಂದೀತು. ಮೇಲೆ ನೋಡಿ ಬೆಲೆ ಕಟ್ಟುವ ಕಸುಬು ನನ್ನದಾಗಿರಲಿಲ್ಲವಪ್ಪ,” ಎಂದು ಹಿರಿಯರು ಉಪ್ಪುಕಾಗದ ಹಿಡಿದು ಕುಳಿತರು.

ಮರುದಿನ ಬಂಗಾರಪೇಟೆಯಿಂದ ಕೊಳ್ಳುವವರು ಬಂದಾಗ ಮೂರು ಬಾಗಿಲುಗಳು ಹೊಳೆಯುತ್ತಿದ್ದುವು. ನಾಲ್ಕನೆಯದರ ಮೇಲೆ ಹಸಿ ಬಣ್ಣವಿತ್ತು. ಹಿರಿಯರು ಮೊದಲು ತೋರಿಸಿದುದು ಅದನ್ನೇ.